ಸೀಸೆ ನನ್ನ ಚೀಲದಲ್ಲಿದೆ

ರೀ,

ಭದ್ರಾವತಿಯಿಂದ ತಮ್ಮ ಬಂದಿದ್ದಾನೆ. ಅಕ್ಕನಿಗೆ ಹೆರಿಗೆ ನೋವು ಶುರುವಾಗಿದೆಯಂತೆ. ನೀವು ಗಾಂಧಿ ಬಜಾರಿನಿಂದ ಬರುವವರೆಗೆ ಬಸ್ಸು ಕಾಯುವುದಿಲ್ಲ, ಅದಕ್ಕೇ ಹೊರಟೆ. ಪುಟ್ಟಿ ಮಲಗಿದ್ದಾಳೆ. ಪಕ್ಕದ ಮನೆ ಜೈನಾಬಿ, "ನೀನು ಹೋಗು ಮಾರಾಯ್ತಿ, ಅವ್ರು ಬರೋ ತನ್ಕ ನಾನು ಕೂತಿರ್ತೀನಿ" ಎಂದು ಅವಳ ಹತ್ತಿರವೇ ಕೂತಿದ್ದಾರೆ.

ಹಾಲು ಕಾಯಿಸಿಟ್ಟಿದ್ದೇನೆ. ಹಾಲಿನ ಸೀಸೆ ಹುಡುಕಬೇಡಿ, ನನ್ನ ಚೀಲದಲ್ಲಿದೆ. ಮೊನ್ನೆ ಅವಳು ಒಂದು ಸಲ ಅತ್ತಿದ್ದಕ್ಕೇ ಅಟ್ಟದಿಂದ ಅದನ್ನು ಇಳಿಸಿ ಕೊಟ್ಟುಬಿಟ್ಟಿರಿ. ನಾನು ವಾರವಿಡೀ ಲೋಟ ಹಿಡಿಸಲು ಪಟ್ಟ ಪಾಡೆಲ್ಲ ಮಣ್ಣುಪಾಲಾಯಿತು.

ಇವತ್ತು ಲೋಟವೇ. ಸೀಸೆ ತುಂಬ ಹಾಲೆಂದರೆ ಅವಳ ಬೆಳ್ಳಿ ಲೋಟಕ್ಕೆ ಎರಡು ಲೋಟ. ತುಂಬಿಸಿ ಕೊಟ್ಟರೆ ಮೈಮೇಲೆ ಸುರಿದುಕೊಳ್ಳುತ್ತಾಳೆ; ಕಾಲು ಲೋಟದಂತೆ ಎಂಟು ಸಲ ಹಾಕಿ. ಚೆಲ್ಲುವುದನ್ನೂ ಲೆಕ್ಕ ಹಿಡಿದು ಒಂದು ಲೋಟ ಹೆಚ್ಚಿಗೆ ಇಟ್ಟಿದ್ದೇನೆ. ಹೈಸ್ಕೂಲಿನಲ್ಲಿ ಭಿನ್ನರಾಶಿ ಕಲಿಸುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬಾರದು. ಆದರೆ ಅವಳು ರಾಗ ತೆಗೆದರೆ ನಿಮಗೆ ಕೂಡುವುದು ಕಳೆಯುವುದೂ ಮರೆತುಹೋಗುತ್ತದೆ.

ಅತ್ತರೆ ಎತ್ತಿಕೊಂಡು ಕಿಟಕಿ ಹತ್ತಿರ ನಿಲ್ಲಿ, ಸುಮ್ಮನಾದ ಮೇಲೆ ಮತ್ತೆ ಕೊಡಿ. ನಿನ್ನೆ ತಾನಾಗಿಯೇ ಎರಡೂ ಕೈಯಲ್ಲಿ ಹಿಡಿದು ಎರಡು ಗುಟುಕು ಕುಡಿದಳು. ಹಾಲಿನ ಮೀಸೆ ಇಟ್ಟುಕೊಂಡು ನಕ್ಕಳು ಕೂಡ. ಇವತ್ತು ಪೂರ್ತಿ ಕುಡಿದೇ ಕುಡಿಯುತ್ತಾಳೆ, ನೋಡಲು ನಾನಿರುವುದಿಲ್ಲ. ನೀವು ಚೆನ್ನಾಗಿ ನೋಡಿಟ್ಟುಕೊಳ್ಳಿ. ಬಂದ ಮೇಲೆ ಒಂದೂ ಬಿಡದೆ ನನಗೆ ಹೇಳಬೇಕು.

ದಾಕ್ಷಾಯಣಿ