ಒಂಬತ್ತು ಮನೆಯ ಹೆಸರು

ಏಪ್ರಿಲ್ 29, ಸೋಮವಾರ. ಬೆಳಿಗ್ಗೆ 10

ಇವತ್ತೂ ಐದಕ್ಕೇ ಎಚ್ಚರ. ನಿವೃತ್ತಿಯಾಗಿ ಏಳು ವರ್ಷ. ಕಾಲಿಗೆ ಮಾತ್ರ ಟಪಾಲು ಹಂಚುವ ಚಟ ಹೋಗಿಲ್ಲ. ಸೈಕಲ್ ಹತ್ತಿ ಊರಿಗೊಂದು ಸುತ್ತು ಹಾಕಿ ಬಂದೆ, ಸುಮ್ಮನೆ.

ಆಮೇಲೆ ಫೋನು. ಇವತ್ತು ಏಳನೆಯ ಮನೆ, ಬ್ರೆಮೆನ್. "ನಾನು ಅಲ್ಮುಟ್ ಪೊಗ್ಗನ್‌ಬ್ರೋಕ್ ಅಂತ, ನೀವೂ ಪೊಗ್ಗನ್‌ಬ್ರೋಕ್..." ಅನ್ನುವಷ್ಟರಲ್ಲಿ "ನಮಗೇನೂ ಬೇಡಮ್ಮಾ, ಎಲ್ಲಾ ಇದೆ" ಅಂತ ಇಟ್ಟೇಬಿಟ್ಟರು. ಸೋಪು ಮಾರುವವಳು ಅಂದುಕೊಂಡರೋ ಏನೋ.

ಇಡೀ ಜರ್ಮನಿಗೆ ಈ ಹೆಸರಿನವು ಒಂಬತ್ತೇ ಮನೆ. 1975ರ ಫೋನ್ ಡೈರೆಕ್ಟರಿಯಲ್ಲಿ ಮೂವತ್ತೊಂದಿದ್ದವು. ನಕಾಶೆಯ ಮೇಲೆ ಚುಕ್ಕೆ ಇಟ್ಟರೆ ಆರು ನಮ್ಮ ಜಿಲ್ಲೆಯಲ್ಲೇ. ಒಂದು ಬವೇರಿಯಾದಲ್ಲಿ, ಅದು ಹೇಗೆ ಅಲ್ಲಿಗೆ ಹೋಯಿತೋ.

ಅಣ್ಣ ಹಿನ್ನರ್ಕ್‌ಗೆ ಅಕ್ಟೋಬರಿನಲ್ಲಿ ಎಪ್ಪತ್ತೈದು. ಹುಟ್ಟುಹಬ್ಬಕ್ಕೆ ನಮ್ಮ ಹೆಸರಿನ ಚರಿತ್ರೆ ಬರೆದುಕೊಡುತ್ತೇನೆ ಅಂದುಬಿಟ್ಟಿದ್ದೇನೆ. ಬಾಯಿ ಸುಮ್ಮನಿರಬೇಕಲ್ಲ! ಅರ್ಥ ಸುಲಭ. ಊರ ಹಳೇ ಮಾತಿನಲ್ಲಿ ಕಪ್ಪೆಗಳ ಜೌಗು ಅಂತ. ಶಾಲೆಯಲ್ಲಿ ನಾನು ಒಳಗೆ ಬಂದರೆ ಹಿಂದಿನ ಬೆಂಚಿನಿಂದ ವಟವಟ ಶುರು. ಅಣ್ಣ ಒಪ್ಪುವುದಿಲ್ಲ. "ಕಪ್ಪೆಯಲ್ಲ ಕಣೇ, ಯಾರೋ ಸರದಾರ ಇದ್ದಿರ್ಬೇಕು. ಸರಿಯಾಗಿ ಹುಡುಕು."

ಮೇ 5, ಭಾನುವಾರ. ಸಂಜೆ

ಅಣ್ಣನ ಮನೆಯಲ್ಲಿ ಊಟ. ಬಿಳಿ ಆಸ್ಪರಾಗಸ್, ಆಲೂಗಡ್ಡೆ, ಬೆಣ್ಣೆ. ಅರ್ಧಕ್ಕರ್ಧ ತಟ್ಟೆಯಲ್ಲೇ ಉಳಿಯಿತು.

ಅಣ್ಣನ ಒಬ್ಬಳೇ ಮಗಳು ವೀಬ್ಕೆ ಸುದ್ದಿ ಹೇಳಿದಳು. ಜೂನ್ 14ಕ್ಕೆ ನೋಂದಣಿ ಕಚೇರಿಯಲ್ಲಿ ಮದುವೆ. ಹುಡುಗ ದಾರ್ಯುಶ್, ಹಾಲು ಕರೆಯುವ ಯಂತ್ರ ರಿಪೇರಿಗೆ ಬರುತ್ತಿದ್ದವನು. ಮೂರು ವರ್ಷದಿಂದ ಯಂತ್ರ ಕೆಡದಿದ್ದರೂ ಬರುತ್ತಿದ್ದ. ಅಲ್ಲಿಯವರೆಗೆ ಅಣ್ಣ ನಗುತ್ತಲೇ ಇದ್ದ.

"ಅಪ್ಪಾ, ದಾರ್ಯುಶ್ ನಮ್ಮ ಹೆಸರು ತಗೋತಾನೆ. ಇಲ್ಲಾಂದ್ರೆ ಈ ಮನೇಲಿ ನಾನೇ ಕೊನೆ."

"ಹೌದು ಮಾವ," ಅಂದ ದಾರ್ಯುಶ್. "ನಮ್ಮ ಹೆಸರಿನೋರು ಪೋಲೆಂಡಲ್ಲಿ ಸಾವಿರಾರು ಜನ ಇದಾರೆ. ಒಬ್ಬ ಕಮ್ಮಿಯಾದ್ರೆ ಯಾರಿಗೂ ಗೊತ್ತಾಗಲ್ಲ."

ನನಗೆ ನಗು ಬಂತು. ಅಣ್ಣ ಫೋರ್ಕ್ ಕೆಳಗಿಟ್ಟ.

"ಹೆಸರು ಅಂದ್ರೆ ಗೂಟಕ್ಕೆ ನೇತುಹಾಕಿರೋ ಕೋಟೇನಪ್ಪಾ, ಬಂದೋರೆಲ್ಲ ಹಾಕ್ಕೊಳ್ಳೋಕೆ? ರಕ್ತ ಬೇಕು, ರಕ್ತ! ಹೊರಗೆ ಬಾಗಿಲ ತೊಲೆ ಮೇಲೆ ಕೆತ್ತಿರೋದು ನೋಡು. ಜೋಬ್ಸ್ಟ್ ಪೊಗ್ಗನ್‌ಬ್ರೋಕ್, 1741. ಅವನಿಂದ ನನ್ನ ತನಕ ಒಂದೇ ರಕ್ತ. ಮದುವೆ ಬೇಕಾದ್ರೆ ಆಗಿ. ಹೆಸರು ಮುಟ್ಟಿದ್ರೆ ನಾನು ಕಚೇರಿಗೆ ಬರಲ್ಲ. ಮದುವೆಮನೆಗೆ ನೆರೆಯೋರು ಕಟ್ಟೋ ಹಸಿರು ಮಾಲೆ ನನ್ನ ಬಾಗಿಲಿಗೆ ಏರಲ್ಲ."

ವೀಬ್ಕೆ ನನ್ನ ಕಡೆ ನೋಡಿದಳು. "ಅತ್ತೇ, ನೀವಾದ್ರೂ ಹೇಳಿ."

ನಾನು ಬೆಣ್ಣೆಯ ಬಟ್ಟಲು ಅವಳ ಕಡೆ ತಳ್ಳಿದೆ. ಸುಳ್ಳೇಕೆ, ನನಗೂ ಒಳಗೆ ಅಣ್ಣನ ಹಾಗೇ ಅನ್ನಿಸಿತ್ತು. ಈ ಹೆಸರಿಗೆ ನಾನು ತೆತ್ತಷ್ಟು ಯಾರು ತೆತ್ತಿದ್ದಾರೆ?

ಮೇ 6

ನಿನ್ನೆಯದು ತಲೆಯಿಂದ ಹೋಗುತ್ತಿಲ್ಲ. ಬರೆದೇಬಿಡುತ್ತೇನೆ, ಯಾರು ಓದಬೇಕು.

1975. ಎವಾಲ್ಡ್ ಲ್ಯೂನಿಂಗ್. ನನಗೆ ಇಪ್ಪತ್ತೊಂದು. ಆಗಿನ ಕಾನೂನಿನಲ್ಲಿ ಮದುವೆ ಅಂದರೆ ಗಂಡನ ಹೆಸರು, ಬೇರೆ ಮಾತಿಲ್ಲ. ಲ್ಯೂನಿಂಗ್‌ಗಳು ತಲೆತಲಾಂತರದಿಂದ ಬೇರೆಯವರ ಹೊಲದಲ್ಲಿ ದುಡಿದವರು. ಅಪ್ಪ ಅಂದರು, "ಪೊಗ್ಗನ್‌ಬ್ರೋಕ್ ಮನೆ ಮಗಳು ಲ್ಯೂನಿಂಗ್ ಆಗ್ತಾಳಾ? ತೊಲೆ ಮೇಲಿರೋ ಜೋಬ್ಸ್ಟ್ ಇಳಿದು ಬಂದು ಒದೀತಾನೆ." ಅಣ್ಣ ಪಕ್ಕದಲ್ಲೇ ನಿಂತು ನಕ್ಕ. ನಾನೂ... ನಾನೂ ಎವಾಲ್ಡನಿಗೆ ಅದನ್ನೇ ಹೇಳಿದೆ. ಅದೇ ಮಾತು. "ಕಾನೂನು ಬಿಟ್ಟರೆ ನಾನೇ ನಿನ್ನ ಹೆಸರು ಇಟ್ಕೋತೀನಿ ಅಲ್ಮುಟ್" ಅಂದಿದ್ದ. ಮರುವರ್ಷ ಜುಲೈಯಲ್ಲಿ ಕಾನೂನು ಬಿಟ್ಟಿತು. ಅಷ್ಟರಲ್ಲಿ ಅವನಿಗೆ ಬೇರೆ ಕಡೆ ನಿಶ್ಚಯವಾಗಿತ್ತು.

ಮೂವತ್ತು ವರ್ಷ ಅವನ ಮನೆಯ ಡಬ್ಬಿಗೆ ಕಾಗದ ಹಾಕಿದೆ. ಡಬ್ಬಿಯ ಮೇಲೆ ಲ್ಯೂನಿಂಗ್ ಅಂತ ಹಿತ್ತಾಳೆ ಅಕ್ಷರ. ಐದು ವರ್ಷದ ಹಿಂದೆ ತೀರಿಹೋದ.

ಮೇ 23, ಗುರುವಾರ. ಮಧ್ಯಾಹ್ನ 1, ದಾಖಲೆ ಕಚೇರಿಯ ಮೆಟ್ಟಿಲ ಮೇಲೆ

ಬ್ರೆಡ್ ಬಿಚ್ಚಿದ್ದೇನೆ, ತಿನ್ನಲಾಗುತ್ತಿಲ್ಲ.

ಸರದಾರ ಸಿಗಲಿಲ್ಲ. ಜೋಬ್ಸ್ಟ್ ಸಿಕ್ಕ. 1739ರ ಒಪ್ಪಂದದ ಹಾಳೆ. ಮೂರು ಸಲ ಓದಿದೆ, ಆಮೇಲೆ ಅಲ್ಲಿನ ಹೆಂಗಸಿನ ಕೈಲೂ ಓದಿಸಿದೆ. "ಪೊಗ್ಗನ್‌ಬ್ರೋಕ್ ಹೊಲಮನೆಯ ವಿಧವೆ ಆನ್ನಾಳನ್ನು ಅದೇ ಮನೆಯ ಆಳು ಜೋಬ್ಸ್ಟ್ ಲ್ಯೂನಿಂಗ್ ಮದುವೆಯಾಗಿ, ಇನ್ನು ಮುಂದೆ ಪೊಗ್ಗನ್‌ಬ್ರೋಕ್ ಎಂದು ಕರೆಸಿಕೊಳ್ಳತಕ್ಕದ್ದು."

"ಇದರಲ್ಲೇನಿದೆ ಮೇಡಂ," ಅಂದಳು ಆಕೆ. "ಆಗೆಲ್ಲ ಹಾಗೇ. ಹೆಸರು ಹೊಲದ್ದು. ಯಾರು ಬಂದು ಆ ಮನೇಲಿ ಒಲೆ ಹಚ್ತಾರೋ ಅವರದ್ದು."

ಆನ್ನಾ ಕೂಡ ಆ ಮನೆಗೆ ಸೊಸೆಯಾಗಿ ಬಂದವಳು, ಮೊದಲ ಗಂಡನಿಂದ ಮಕ್ಕಳೇ ಇರಲಿಲ್ಲ. ನಾವೆಲ್ಲ ಜೋಬ್ಸ್ಟ್‌ನ ಕಡೆಯವರು. ಅಂದರೆ ನಮ್ಮ ಮೈಯಲ್ಲಿ ಪೊಗ್ಗನ್‌ಬ್ರೋಕ್ ರಕ್ತ ಒಂದು ತೊಟ್ಟೂ ಇಲ್ಲ. ನಾವು ಲ್ಯೂನಿಂಗ್‌ಗಳು.

ಲ್ಯೂನಿಂಗ್‌ಗಳು!

ಜೂನ್ 2

ಹತ್ತು ದಿನ ಏನೂ ಬರೆದಿಲ್ಲ. ನಾಲ್ಕು ಸಲ ಅಣ್ಣನ ಅಂಗಳದ ತನಕ ಸೈಕಲ್ ತುಳಿದು ವಾಪಸ್ ಬಂದೆ. ಹೇಳಿದರೆ ಅವನಿಗೆ ಉಳಿಯುವುದೇನು? ಪ್ರತಿ ವಸಂತದಲ್ಲೂ ಏಣಿ ಹತ್ತಿ ಆ ಅಕ್ಷರಗಳಿಗೆ ಬಿಳಿ ಬಣ್ಣ ಬಳಿಯುತ್ತಾನೆ. ಹೇಳದಿದ್ದರೆ ಹುಡುಗಿ ಅಪ್ಪನಿಲ್ಲದೆ ಮದುವೆಯಾಗುತ್ತಾಳೆ.

ಅವನ ಮೇಲೆ ಸಿಟ್ಟು. ಸತ್ತ ಅಪ್ಪನ ಮೇಲೂ. ಎಲ್ಲಕ್ಕಿಂತ ಇಪ್ಪತ್ತೊಂದರ ಆ ಅಲ್ಮುಟ್ ಮೇಲೆ. ಎರಡು ಏಟು ಹಾಕಬೇಕು ಅನ್ನಿಸುತ್ತದೆ.

ಜೂನ್ 8, ಶನಿವಾರ

ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ನೆರೆಯವರೆಲ್ಲ ಸೇರಿ ಮಾಲೆ ಕಟ್ಟಿದೆವು. ಫರ್ ಮರದ ರೆಂಬೆ, ಕಾಗದದ ಗುಲಾಬಿ. ವಾಡಿಕೆಯಂತೆ ಸಣ್ಣ ಲೋಟದಲ್ಲಿ ಮದ್ಯವೂ ಸುತ್ತಿತು.

"ಏನಕ್ಕಾ ಅಲ್ಮುಟ್, ಮಾಲೆ ಕಟ್ಟಿ ದನದ ಕೊರಳಿಗೆ ಹಾಕೋದಾ? ನಿಮ್ಮಣ್ಣ ಬಾಗಿಲು ಕೊಡಲ್ಲಂತೆ!" ಅಂದ ನೆರೆಯವನೊಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು. ವೀಬ್ಕೆ ನಗಲಿಲ್ಲ. ತಲೆ ತಗ್ಗಿಸಿ ಗುಲಾಬಿ ಮಡಿಸುತ್ತಲೇ ಇದ್ದಳು.

ಸಾಕು. ನಾಳೆ ಹೇಳುತ್ತೇನೆ.

ಜೂನ್ 9. ಮಧ್ಯಾಹ್ನ

ಹೇಳಿದೆ. ಅಂದರೆ, ಹಾಳೆಯ ನಕಲು ಅವನ ಕಾಫಿಯ ಪಕ್ಕ ಇಟ್ಟೆ. ಕನ್ನಡಕ ಹುಡುಕಿದ. ಓದಿದ.

"ಇವನ್ಯಾರೋ ಬೇರೆ ಜೋಬ್ಸ್ಟ್."

"ವರ್ಷ ನೋಡು, ತೊಲೆಗಿಂತ ಎರಡೇ ವರ್ಷ ಹಿಂದಿನದು. ಹೆಂಡ್ತಿ ಹೆಸರು ನೋಡು. ತೊಲೆ ಮೇಲೂ ಆನ್ನಾ ಅಂತಾನೇ ಇದೆ."

"ಆಳಾ?"

"ಆಳು. ಈ ಮನೆಯದೇ."

ಬೆರಳಿಟ್ಟು ಮತ್ತೆ ಓದಿದ. ಒಂದು ಕಡೆ ಬೆರಳು ನಿಂತಿತು. ತಲೆ ಎತ್ತಿ ನನ್ನನ್ನೇ ನೋಡಿದ. "ಲ್ಯೂನಿಂಗಾ?"

"ಹೂಂ ಅಣ್ಣಾ. ಲ್ಯೂನಿಂಗ್."

ಎದ್ದು ದನದ ಹಟ್ಟಿಗೆ ಹೋಗಿಬಿಟ್ಟ. ಕಾಫಿ ಹಾಗೇ ಇತ್ತು.

ಜೂನ್ 13

ನಾಲ್ಕು ದಿನ. ಫೋನಿಲ್ಲ, ಮಾತಿಲ್ಲ. ತೊಲೆಗೆ ಈ ವರ್ಷ ಬಣ್ಣವೂ ಇಲ್ಲ. ಅವನ ಹೆಮ್ಮೆಯನ್ನು ನಾನೇ ಕೊಂದೆನೇನೋ. ನಾಳೆ ಹಾಕುವ ಬಟ್ಟೆಗೆ ಎರಡು ಸಲ ಇಸ್ತ್ರಿ ಮಾಡಿದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಜೂನ್ 14, ಶುಕ್ರವಾರ. ಮಧ್ಯಾಹ್ನ 3, ಅಣ್ಣನ ಅಡುಗೆಮನೆ

ಬೇಗ ಬೇಗ ಬರೆಯುತ್ತೇನೆ. ಹೊರಗೆ ಎಲ್ಲರೂ ಸ್ಟ್ರಾಬೆರಿ ಕೇಕ್ ತಿನ್ನುತ್ತಿದ್ದಾರೆ.

ಹನ್ನೊಂದಕ್ಕೆ ಕಚೇರಿ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ. ವೀಬ್ಕೆ ಬಾಗಿಲ ಕಡೆ ನೋಡುವುದು, ನಾನು ಅವಳನ್ನು ನೋಡುವುದು. ಅಧಿಕಾರಿ ಓದಿ ಮುಗಿಸಿದರು. ಇಬ್ಬರೂ ಹೌದು ಅಂದರು. "ಈಗ ಹೊಸ ಹೆಸರಲ್ಲಿ ಮೊದಲ ಸಹಿ ಹಾಕಿ" ಅಂತ ದಾರ್ಯುಶ್ ಮುಂದೆ ಹಾಳೆ ತಳ್ಳಿದರು. ಅವನು ಪೆನ್ನು ಹಿಡಿದ. ಬರೆಯಲೇ ಇಲ್ಲ. ಖಾಲಿ ಕುರ್ಚಿ ನೋಡುತ್ತ ಕೂತುಬಿಟ್ಟ. ಪಾಪ, ಕಿವಿಯೆಲ್ಲ ಕೆಂಪು.

ಆಗ ಹಿಂದಿನಿಂದ ದನಿ. "ಬರಿಯೋ ಮಾರಾಯ. ಯೋಚ್ನೆ ಯಾಕೆ? ಜೋಬ್ಸ್ಟ್‌ಗೆ ಅಷ್ಟೂ ಬರ್ತಿರ್ಲಿಲ್ಲ. ಸಹಿ ಜಾಗದಲ್ಲಿ ಮೂರು ಶಿಲುಬೆ ಗೀಚಿ ಪೊಗ್ಗನ್‌ಬ್ರೋಕ್ ಆದ."

ಬಾಗಿಲಲ್ಲಿ ಹಿನ್ನರ್ಕ್. ಮೈಮೇಲೆ ಮದುವೆಯ ಕೋಟು, ಕಾಲಲ್ಲಿ ಹಟ್ಟಿಯ ಬೂಟು, ಉಗುರಿಗೆಲ್ಲ ಬಿಳಿ ಬಣ್ಣ. ಹಾಳೆಯ ತಳದ ಮೂರು ಶಿಲುಬೆ ನಾನು ಗಮನಿಸಿಯೇ ಇರಲಿಲ್ಲ. ಅವನು ನಾಲ್ಕು ದಿನ ಅದನ್ನೇ ನೋಡುತ್ತ ಕೂತಿದ್ದನಂತೆ.

ದಾರ್ಯುಶ್ ಬರೆದ. ವೀಬ್ಕೆ ಅತ್ತಳು. ನಾನು ಅಳಲಿಲ್ಲ, ಆಗ.

ಹೊರಗೆ ಬಂದ ಮೇಲೆ ಕಾರಿನ ಹತ್ತಿರ ಅಣ್ಣ ನನ್ನ ತೋಳು ಹಿಡಿದುಕೊಂಡ. "ಅಲ್ಮುಟ್. ಆ ದಿನ ಅಪ್ಪನ ಪಕ್ಕ ನಿಂತು ನಾನು ನಕ್ಕಿದ್ದೆ."

"ನೆನಪಿದೆ."

"ಎವಾಲ್ಡ್ ನಮ್ಮೋನೇ ಆಗಿದ್ದ ಕಣೇ." ನಾನು ಅಲ್ಲೇ ಅತ್ತುಬಿಟ್ಟೆ. ದಾರಿ ಮಧ್ಯದಲ್ಲಿ, ಎಪ್ಪತ್ತು ವರ್ಷದ ಹೆಂಗಸು, ಎಲ್ಲರೂ ನೋಡುತ್ತಿದ್ದರು, ನೋಡಲಿ.

ಮನೆಗೆ ಬಂದು ನೋಡಿದರೆ ತೊಲೆಗೆ ಹೊಸ ಬಣ್ಣ, ಇನ್ನೂ ಹಸಿ. ಜೋಬ್ಸ್ಟ್ ಅನ್ನುವುದರ ಪಕ್ಕ, ಮರದಲ್ಲಿ ಯಾರೂ ಕೆತ್ತದಿದ್ದ ಜಾಗದಲ್ಲಿ, ಬ್ರಷ್‌ನಿಂದ ಸಣ್ಣದಾಗಿ ಮೂರು ಶಿಲುಬೆ.

ಹುಟ್ಟುಹಬ್ಬದ ಪುಸ್ತಕ ಮೊದಲಿನಿಂದ ಬರೆಯಬೇಕು. ಮೊದಲ ಸಾಲು ಎವಾಲ್ಡನ ಹೆಸರಿನಿಂದ—

ಅಂಗಳದಿಂದ ಅಣ್ಣ ಕೂಗುತ್ತಿದ್ದಾನೆ. "ಅಲ್ಮುಟ್! ಮಾಲೆ ಏರಿಸ್ಬೇಕು, ಬಂದು ಏಣಿ ಹಿಡಿಯೇ!" ಬಂದೆ ಅಂದೆ. ಉಳಿದದ್ದು ಆಮೇಲೆ.