ಪಿತಿರ್ರೆಯ ಪೂರ್ತಿ ಹೆಸರು

ರೋಗಿಗಳ ಗೋಪ್ಯತೆಯ ನಿಯಮಗಳನ್ನು ಕಾಯುವ ಕಚೇರಿಯ ಮುಖ್ಯಸ್ಥರೇ,

ನನ್ನ ಗೆಳೆಯ ಬದುಕಿದ್ದಾನೋ ಇಲ್ಲವೋ ಎಂಬುದನ್ನು ನಿಮ್ಮ ನಿಯಮ ನಾಲ್ಕು ದಿನಗಳಿಂದ ನನಗೆ ಹೇಳದೆ ಮುಚ್ಚಿಟ್ಟಿದೆ. ಅಭಿನಂದನೆಗಳು! ನಮ್ಮ ಪುಟ್ಟ ಊರು ಯಬುಕೋವಾದಲ್ಲಿ ಒಂದು ಗುಟ್ಟು ಇಷ್ಟು ದಿನ ಬಾಳಿದ್ದು ಇದೇ ಮೊದಲು.

ಮಂಗಳವಾರ ಚೌಕದಲ್ಲಿ ಡಾಮಿನೊ ಆಡುತ್ತಿದ್ದಾಗ ನನ್ನ ಜೋಡಿ ಪಿತಿರ್ರೆ ಎದೆ ಹಿಡಿದುಕೊಂಡು ಕುಸಿದ. ಆಂಬುಲೆನ್ಸ್ ಒಯ್ದಿತು. ಪಿತಿರ್ರೆ ಎಂದರೆ ಗಿಡುಗನನ್ನೂ ಅಟ್ಟಾಡಿಸುವ ಪುಟ್ಟ ಹಕ್ಕಿ. ಅವನಿಗೆ ಊರಿಟ್ಟ ಹೆಸರು. ನಮ್ಮಲ್ಲಿ ಎಲ್ಲರೂ ಬದುಕುವುದು ಅಡ್ಡಹೆಸರಿನಲ್ಲೇ. ಆಸ್ಪತ್ರೆಗೆ ಓಡಿದೆ. ವಿಚಾರಣೆಯ ಮೇಜಿನ ಹುಡುಗಿ ಹಿರಿಯರಿಗೆ ಕೊಡುವ ಮರ್ಯಾದೆ ಕೊಟ್ಟೇ ಕೇಳಿದಳು:

"ಯಾರನ್ನ ನೋಡ್ಬೇಕು, ದೋನ್?"

"ಪಿತಿರ್ರೆನ."

"ಪೂರ್ತಿ ಹೆಸರು?"

"ಅದೇ ಪೂರ್ತಿ."

"ಹೆಸರು ಹೇಳಿ ಕೇಳಿದ್ರೆ ಇದಾರಾ, ಹೇಗಿದಾರೆ ಅಂತ ಹೇಳ್ತೀನಿ. ಇಲ್ದಿದ್ರೆ ನಾನು ಬಾಯಿ ಬಿಡೋ ಹಾಗಿಲ್ಲ."

"ನೋಡು ಮಗಳೇ, ಅವನಿಗೆ ಸಕ್ಕರೆ ಕಾಯಿಲೆ, ಎಡಗಿವಿ ಕೇಳ್ಸಲ್ಲ, ಹೋದ್ವರ್ಷ ಮೂಲವ್ಯಾಧಿ ಆಪರೇಷನ್ ಆಗಿ..."

"ಅಯ್ಯೋ, ಮೆಲ್ಲಗೆ! ಅದೆಲ್ಲ ಗೋಪ್ಯ!"

ಹಿಂದೆ ನಿಂತಿದ್ದ ಹೆಂಗಸು, "ಲೋಳೆಸರ ಹಚ್ಚಿದ್ರೆ ಆಪರೇಷನ್ನೇ ಬೇಕಾಗಿರ್ಲಿಲ್ಲ ಬಿಡಿ" ಎಂದಳು.

ಮಾನ್ಯರೇ, ನೀವು ಕಾಯಬೇಕಾದ ಗುಟ್ಟುಗಳೆಲ್ಲ ನನ್ನ ಬಳಿ ಇವೆ. ಯಾರು ಬೇಕಾದರೂ ಕೂಗಬಹುದಾದ ಹೆಸರೊಂದು ಮಾತ್ರ ಇಲ್ಲ. ಮೂವತ್ತೊಂದು ವರ್ಷ ಎದುರುಬದುರು ಕೂತವನನ್ನು ನಿನ್ನ ಹೆಸರೇನೆಂದು ಕೇಳಲು ಯಾರಿಗಾದರೂ ನಾಚಿಕೆಯಾಗುವುದಿಲ್ಲವೇ? ಒಂಟಿಯಾಗಿದ್ದವನ ಮನೆಗೆ ಬೀಗ. ಹೆಸರು ಬರೆದಿದ್ದ ಅಂಚೆಪೆಟ್ಟಿಗೆಯನ್ನು ಚಂಡಮಾರುತ ಎಂದೋ ಒಯ್ದಿದೆ. ನನ್ನ ಹೆಂಡತಿ ಮಿಗ್ದಾಲಿಯಾ ಇದ್ದಿದ್ದರೆ ಅವನ ಹೆಸರಿನ ಜೊತೆಗೆ ತಂದೆಯ, ತಾಯಿಯ ಎರಡೂ ಮನೆತನದ ಹೆಸರುಗಳನ್ನು ಬಟ್ಟೆ ಒಣಹಾಕುತ್ತಲೇ ಹೇಳಿಬಿಡುತ್ತಿದ್ದಳು. ಅವಳು ತೀರಿಹೋಗಿ ಎರಡು ವರ್ಷವಾಯಿತು. ಊರಿನ ನೆನಪನ್ನೂ ಜೊತೆಗೇ ಒಯ್ದಳು. ಉಳಿದದ್ದು ನಾನು ಮತ್ತು ನನ್ನ ಕಾಲೇಜು ಇಂಗ್ಲಿಷು. ಅದರಲ್ಲೂ 'ಹಿಯರ್‌ಬೈ', ಅಂದರೆ 'ಈ ಮೂಲಕ', ಒಂದೇ ಗಟ್ಟಿಯಾಗಿ ನೆನಪಿದೆ. ಆಸ್ಪತ್ರೆಯಲ್ಲಿ ಕೈಗಿಟ್ಟ ನಿಮ್ಮ ಇಂಗ್ಲಿಷ್ ನಮೂನೆಯಲ್ಲಿ ಆ ಪದ ಆರು ಸಲ ಸಿಕ್ಕಿತು, ಹಳೆಯ ಗೆಳೆಯನನ್ನು ಕಂಡಷ್ಟು ಖುಷಿಯಾಯಿತು. ಆದರೆ ಅಡ್ಡಹೆಸರಿಗೆಂದು ಒಂದು ಗೆರೆಯೂ ಸಿಗಲಿಲ್ಲ.

ಆ ಗೆರೆಯನ್ನು ಸೇರಿಸಿ. ನಿಮ್ಮ ಸಮಿತಿಗಳು ಕೂತು ಏಳುವುದರೊಳಗೆ ಇನ್ನೊಂದು ಉಪಕಾರವಾಗಲಿ: ಒಳಗಿನ ಸುದ್ದಿ ಹೊರಗೆ ಬರಬಾರದು, ಸರಿ, ಹೊರಗಿನ ಸುದ್ದಿ ಒಳಗೆ ಹೋಗಬಾರದೆಂದು ಯಾವ ನಿಯಮದಲ್ಲಿದೆ? ದಾದಿಯೊಬ್ಬಳು ಪ್ರತಿ ಹಾಸಿಗೆಯ ಬಳಿ ನಿಂತು, ಬಲಗಿವಿಯಲ್ಲಿ ಇಷ್ಟು ಹೇಳಲಿ: "ನಿಮ್ಮ ಡಾಮಿನೊ ಬಿಲ್ಲೆಗಳನ್ನ ಯಾರೂ ಮಗುಚಿ ನೋಡಿಲ್ವಂತೆ. ಸರದಿ ನಿಮ್ದೇ ಅಂತೆ." ಯಾರು ಕಣ್ಣು ತೆರೆದರೆಂದು ನನಗೆ ಹೇಳಬೇಕಾಗಿಲ್ಲ. ಯಾರಾದರೊಬ್ಬರು ತೆರೆದರೆ ಸಾಕು.

ಇಂತಿ,
ಎಲಿಯೂದ್ ಬೆರ್ರಿಯೋಸ್ ಕಿಂತಾನಾ
(ನಾನೂ ಅಲ್ಲಿ ಮಲಗುವ ದಿನ ಬರುತ್ತದೆ. ಆಗ ಜನ ಕೇಳಿಕೊಂಡು ಬರುವುದು 'ಬಕಲಾವೊ' ಎಂದು, ಅಂದರೆ ಒಣಮೀನು. ದಯವಿಟ್ಟು ಈಗಲೇ ಬರೆದಿಟ್ಟುಕೊಳ್ಳಿ.)