ನಾನೇ ಅಂಟಿಸಿದ ಜಾಹೀರಾತು

ಅಕ್ಟೋಬರ್ 14, ಮಂಗಳವಾರ. ಪ್ವೆಬ್ಲೊ, ಕೊಲೊರಾಡೊ.

ತಲೆ ಕೆಟ್ಟು ಹೋಗಿದೆ. ಬೆಳಿಗ್ಗೆ ಏಣಿಯ ಮೇಲೆ ನಿಂತು ರಸ್ತೆಬದಿಯ ಬೋರ್ಡಿಗೆ ಯಾವುದೋ ಹಾಸಿಗೆ ಅಂಗಡಿಯ ಜಾಹೀರಾತು ಅಂಟಿಸುತ್ತಿದ್ದೆ, ಶಾಲೆಯಿಂದ ಫೋನು ಬಂತು. ಮರಿಸೋಲ್‌ಳ ಚೀಲದಲ್ಲಿ ಗಾಂಜಾ ಮಿಠಾಯಿ ಸಿಕ್ಕಿದೆಯಂತೆ. ನನ್ನ ಮಗಳಿಗೆ ಇನ್ನೂ ಹದಿನೈದು! ಕೆಲಸ ಬಿಟ್ಟು ಓಡಿದೆ.

ಕಾರು ಹತ್ತಿದವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು.

“ಯಾರೇ ಕೊಟ್ಟಿದ್ದು?”

“ನನ್ನ ಫ್ರೆಂಡ್ ಲುಪೆಯ ಅಕ್ಕ. ನಾನೇ ಕೇಳಿ ತಗೊಂಡೆ. ಬಸ್‌ಸ್ಟಾಪ್ ಎದುರು ಅಷ್ಟು ದೊಡ್ಡ ಬೋರ್ಡ್ ಇದೆಯಲ್ಲಪ್ಪಾ, ‘ಒಂದು ತಿನ್ನಿ, ಹಾಯಾಗಿ ನಿದ್ದೆ ಮಾಡಿ’ ಅಂತ. ದಿನಾ ನೋಡ್ತೀನಿ. ನೀನೇ ತಾನೆ ಅಂಟಿಸಿದ್ದು?”

ಹೌದು, ನಾನೇ. ನಮ್ಮ ರಾಜ್ಯದಲ್ಲಿ ದೊಡ್ಡವರಿಗೆ ಗಾಂಜಾ ಮಾರುವುದು ಕಾನೂನುಬದ್ಧ, ಆ ಬೋರ್ಡು ಅಂಥ ಒಂದು ಅಂಗಡಿಯದು. ಆಗಸ್ಟ್‌ನಲ್ಲಿ, ಒಂದು ಸುಕ್ಕೂ ಬಾರದ ಹಾಗೆ.

ಮಧ್ಯಾಹ್ನ ನಮ್ಮ ಮಾಲೀಕ ಡ್ವೇನ್‌ಗೆ ಹೇಳಿದರೆ, “ಇಪ್ಪತ್ತೊಂದು ದಾಟಿದವರಿಗೆ ಮಾತ್ರ ಅಂತ ಕೆಳಗೆ ಬರ್ದಿದೆಯಲ್ಲಯ್ಯಾ!” ಎಂದು ನಕ್ಕ. ಇರುವೆ ಗಾತ್ರದ ಅಕ್ಷರ! ಅಂಟಿಸಿದ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಇನ್ನು ಗಾಂಜಾದ ಬೋರ್ಡು ನಾನು ಮುಟ್ಟುವುದಿಲ್ಲ ಎಂದು ಹೇಳಿ ಬಂದೆ. ಅವನಿಗೇನು, ನಾಳೆ ಬೇರೊಬ್ಬನನ್ನು ಏಣಿ ಹತ್ತಿಸುತ್ತಾನೆ.

ಕಿವಿಯಲ್ಲಿ ಗುಂಯ್‌ಗುಡುತ್ತಿರುವುದು ಕಾರಿನಲ್ಲಿ ಮಗಳು ಕೊನೆಗೆ ಆಡಿದ ಮಾತು. “ನಿದ್ದೆ ಬರಲ್ಲ ಅಂತ ನಿಂಗೆ ಮೂರು ಸಲ ಹೇಳ್ದೆ. ನೀನು ‘ಫೋನ್ ಕೆಳಗಿಡು’ ಅಂದೆ, ಅಷ್ಟೆ.”

ದಾರಿಯುದ್ದಕ್ಕೂ ಬೈದೆ, ಮನೆಗೆ ಬಂದು ಬೈದೆ, ಊಟಕ್ಕೆ ಕೂತಾಗಲೂ ಬೈದೆ. ಯಾಕಮ್ಮಾ ನಿದ್ದೆ ಬರ್ತಿಲ್ಲ ಎಂದು ಮಾತ್ರ ಇನ್ನೂ ಕೇಳಿಲ್ಲ.